ಹಾಲುಕ್ಕದ ಮುಚ್ಚಳ

ಕಾಲು ಮಡಚಿ ಸರಿಯಾಗಿ ಕೂತ್ಕೊಳ್ಳಿ. ಕಡಲೆಕಾಯಿ ಬಿಡಿಸ್ತಾ ಬಿಡಿಸ್ತಾ ಕೇಳಿ. ಬುಟ್ಟಿಗೆ ಬೀಳೋದು ಜಾಸ್ತಿ ಇರಲಿ, ಬಾಯಿಗೆ ಬೀಳೋದು ಕಮ್ಮಿ ಇರಲಿ. ನಾನು ನೋಡ್ತಾನೇ ಇರ್ತೀನಿ.

ಕೆಂದೂಳಿ ಅಂತ ಒಂದು ಸೀಮೆ ಇತ್ತು. ಅದಕ್ಕೆ ಬೈರರಸ ಅಂತ ಒಬ್ಬ ರಾಜ. ಯುದ್ಧ ಅಂದರೆ ಅವನಿಗೆ ತಲೆನೋವು. ಅವನ ಆಸೆಯೆಲ್ಲ ಮನೆ ಸಾಮಾನಿನ ಮೇಲೆ. ಮೊರ ಹಗುರಾಗಬೇಕು, ಬೀಸೋಕಲ್ಲು ಸಲೀಸಾಗಿ ತಿರುಗಬೇಕು, ಬಾವಿಯ ರಾಟೆ ಕಿರುಗುಟ್ಟಬಾರದು. ಹೆಂಗಸರ ಕೈ ನೋವು ಕಮ್ಮಿಯಾದರೆ ಸೀಮೆಗೇ ಸುಖ ಅನ್ನೋದು ಅವನ ಲೆಕ್ಕ. ಸರಿಯಾದ ಲೆಕ್ಕವೇ ಬಿಡಿ.

ಅದಕ್ಕೆ ಅವನೊಂದು ಕಟ್ಟಳೆ ಮಾಡಿದ್ದ. ದಿನಾ ಬಳಸೋ ಸಾಮಾನಿಗೆ ಯಾರು ಹೊಸ ಉಪಾಯ ಹುಡುಕುತ್ತಾರೋ ಅವರಿಗೆ ಅರಮನೆಯ ಮುದ್ರೆ. ಮುದ್ರೆ ಸಿಕ್ಕವರು ಬದುಕಿರೋ ತನಕ ಆ ಸಾಮಾನನ್ನ ಅವರೇ ಮಾಡಬೇಕು, ಇಲ್ಲಾ ಅವರ ಒಪ್ಪಿಗೆ ತಗೊಂಡವರು ಮಾಡಬೇಕು. ಬೇರೆ ಯಾರಾದರೂ ಮಾಡಿದರೋ, ಅರಮನೆ ಆಳು ಬಂದು ಒಡೆದುಹಾಕ್ತಿದ್ದ.

ಮುದ್ರೆ ಕೊಡೋದೂ ಸುಮ್ಮನೆ ಅಲ್ಲ. ಮೊದಲು ಆ ಸಾಮಾನನ್ನ ಕೋಟೆ ಬಾಗಿಲಿಗೆ ತೂಗುಹಾಕ್ತಿದ್ದರು. ಮೂರು ಸಂತೆ ಕಳೆಯೋ ತನಕ ಅದು ಅಲ್ಲೇ ತೂಗಾಡಬೇಕು. ಪಕ್ಕದಲ್ಲೇ ಒಂದು ಜಾಗಟೆ. ಇದು ನನ್ನದು, ಅವರದಲ್ಲ ಅನ್ನೋರು ಬಂದು ಜಾಗಟೆ ಬಾರಿಸಬಹುದು. ಯಾರೂ ಬಾರಿಸದಿದ್ದರೆ ತೂಗುಹಾಕಿದವರಿಗೇ ಮುದ್ರೆ.

ಅದೇ ಸೀಮೆಯ ಒಂದು ಕುಂಬಾರಕೇರಿಯಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಣ್ಣು ತುಳಿದು, ಮಡಕೆ ತಟ್ಟಿ, ಆವಿಗೆಯಲ್ಲಿ ಸುಟ್ಟು ಮಾರಿ ಬದುಕ್ತಿದ್ದಳು. ಜೊತೆಗೆ ಒಂದು ಮೇಕೆ. ಹೆಸರು ತುಂಟಿ. ಕಥೆಯ ಮೇಕೆ ಅಂತ ಅದು ಮಾತಾಡುತ್ತೆ ಅಂದ್ಕೋಬೇಡಿ. ಅದು ಬರೀ ಮೇಯ್ತಿತ್ತು, ಮೇಯಬಾರದ್ದನ್ನೂ ಮೇಯ್ತಿತ್ತು.

ಪಕ್ಕದ ಮನೆಗೆ ನೀಲಿ ಅನ್ನೋ ಹೊಸ ಸೊಸೆ ಬಂದಿದ್ದಳು. ಪಾಪ, ಬೆಳಗಾದರೆ ಅವಳಿಗೆ ಬೈಗುಳದ ಪೂಜೆ. ಯಾಕೆ? ಹಾಲು ಉಕ್ಕಿಸಿಬಿಡ್ತಿದ್ದಳು. ಹಾಲಿನ ಬುದ್ಧಿ ನಿಮಗೆ ಗೊತ್ತಲ್ಲ. ಎದುರಿಗೆ ಕೂತು ನೋಡ್ತಿದ್ದರೆ ಗಂಟೆಗಟ್ಟಲೆ ಸುಮ್ಮನಿರುತ್ತೆ. ಸೌದೆ ತರೋಕೆ ಅಂತ ಒಂದು ಚಣ ಆಚೆ ಹೋಗಿ, ಬುಸ್ ಅಂತ ಎದ್ದು ಒಲೆಯೆಲ್ಲ ಆರಿಸಿರುತ್ತೆ. ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿದರೆ ಶುಭ ಅಂತಾರೆ. ದಿನಾ ಉಕ್ಕಿದರೆ ಅತ್ತೆ ಸುಮ್ಮನಿರ್ತಾಳಾ?

ಗೋಡೆಯಾಚೆ ನೀಲಿ ಬಿಕ್ಕೋದನ್ನ ಮಾಳವ್ವ ದಿನಾ ಕೇಳ್ತಿದ್ದಳು. ಮಡಕೆ ಮಾಡೋಳು ನಾನು, ಮಡಕೆಯಿಂದ ಆಚೆ ಬರೋ ಹಾಲನ್ನ ತಡೆಯೋಕೆ ಆಗಲ್ವಾ ಅಂದುಕೊಂಡಳು.

ಮೊದಲು ಒಂದು ಭಾರದ ಮುಚ್ಚಳ ಮಾಡಿದಳು. ಹಾಲು ಅದನ್ನ ಎತ್ತಿ ಓರೆ ಮಾಡಿ, ಪಕ್ಕದಿಂದ ಹೊರಗೆ ಬಂತು. ಆಮೇಲೆ ನಡುವೆ ತೂತಿರೋ ಮುಚ್ಚಳ ಮಾಡಿದಳು. ಹಾಲು ತೂತಿನಿಂದ ಎದ್ದು, ಮುಚ್ಚಳದ ಮೇಲೆ ಹರಿದು, ಒಲೆಗೇ ಬಿತ್ತು. ಮಾಳವ್ವ ಆ ಒದ್ದೆ ಒಲೆ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಉಕ್ಕೋದನ್ನ ತಡೆಯೋಕಾಗಲ್ಲ. ಉಕ್ಕಿದ್ದು ವಾಪಸ್ ಇಳಿಯೋಕೆ ದಾರಿ ಮಾಡಬೇಕು.

ಮೂರನೇ ಸಲ ಮುಚ್ಚಳಕ್ಕೆ ತಟ್ಟೆಯ ಹಾಗೆ ಅಂಚು ಎತ್ತರಿಸಿದಳು. ನಡುವೆ ಒಂದು ಮೋಟು ಕೊಳವೆ ನಿಲ್ಲಿಸಿದಳು. ಕೊಳವೆ ಸುತ್ತ ಸಣ್ಣ ಸಣ್ಣ ತೂತು ಚುಚ್ಚಿದಳು. ಒಲೆ ಮೇಲಿಟ್ಟು ನೋಡಿದರೆ ಹಾಲು ಕೊಳವೆಯಲ್ಲಿ ಎದ್ದಿತು, ತಟ್ಟೆಗೆ ಬಿದ್ದು ತಣ್ಣಗಾಯಿತು, ತೂತಿನಿಂದ ತೆಪ್ಪಗೆ ಮಡಕೆಗೇ ಇಳಿಯಿತು. ಒಂದು ತೊಟ್ಟೂ ಆಚೆ ಬರಲಿಲ್ಲ. ಮಾಳವ್ವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಒಬ್ಬಳೇ ಕೂತು ನಕ್ಕಳು.

ಹಾಗೇ ಇನ್ನೊಂದಷ್ಟು ಮುಚ್ಚಳ ಮಾಡಿ ಅಂಗಳದಲ್ಲಿ ಒಣಗಲು ಇಟ್ಟಳು. ತುಂಟಿ ಸುಮ್ಮನಿರುತ್ತಾ? ಹಗ್ಗ ಬಿಚ್ಚಿಕೊಂಡು ಬಂದು, ಹಸಿ ಮುಚ್ಚಳವೊಂದರ ಅಂಚಿನ ಮೇಲೆ ಕಾಲಿಟ್ಟು ಹೋಯಿತು. ಗೊರಸಿನ ಎರಡು ಸೀಳು ಅಚ್ಚೊತ್ತಿದ ಹಾಗೆ ಮೂಡಿತು. ಆ ಮೇಕೆಯ ಮುಂಗಾಲಿನ ಒಂದು ಸೀಳು ತುದಿಯಲ್ಲಿ ಮುಕ್ಕಾಗಿತ್ತು. ಆ ಮುಕ್ಕೂ ಮೂಡಿತು.

"ನಿನ್ನ ಕಾಲು ಮುರಿಯಾ" ಅಂತ ಮಾಳವ್ವ ಮೇಕೆಗೆ ಬೈದಳು. ಆದರೂ ಮುಚ್ಚಳ ಬಿರಿದಿರಲಿಲ್ಲ. ಸುಟ್ಟು ತನ್ನ ಮನೆಗೇ ಇಟ್ಟುಕೊಂಡಳು. ಚೆಂದದ್ದೊಂದನ್ನ ನೀಲಿಗೆ ಕೊಟ್ಟಳು, ಉಳಿದವನ್ನ ಕೇರಿಯವರು ತಗೊಂಡರು. ಬೆಳಗಿನ ಬೈಗುಳ ನಿಂತಿತು. ನೀಲಿ ನಗೋದನ್ನ ಕೇರಿ ಮೊದಲ ಸಲ ನೋಡಿತು.

ಒಂದು ದಿನ ಅರಮನೆ ಅಡುಗೆಮನೆಯ ಪಾರುಪತ್ತೇಗಾರ ಕೋನಪ್ಪ ತುಪ್ಪ ಹುಡುಕಿಕೊಂಡು ಆ ಕಡೆ ಬಂದ. ಬಾಯಾರಿದೆ ಅಂದ. ಮಾಳವ್ವ ಜಗಲಿ ಮೇಲೆ ಕೂರಿಸಿ, ಅಂಗಳದ ಒಲೆ ಮೇಲೆ ಆ ಗೊರಸು ಬಿದ್ದ ಮುಚ್ಚಳ ಹಾಕಿ ಹಾಲು ಕಾಯಿಸೋಕೆ ಇಟ್ಟಳು, ಇಟ್ಟು ಬೆಲ್ಲ ತರೋಕೆ ಒಳಗೆ ಹೋದಳು. ಕೋನಪ್ಪನ ಕಣ್ಣೆದುರಿಗೇ ಹಾಲು ಎದ್ದಿತು, ಇಳಿಯಿತು. ಎದ್ದಿತು, ಇಳಿಯಿತು. ಅವನ ಕಣ್ಣು ಅಲ್ಲೇ ಅಂಟಿಕೊಂಡಿತು.

"ಏನಮ್ಮಾ ಇದು? ಯಾರು ಮಾಡಿದ್ದು?" ಅಂದ.

"ನಾನೇ ಬುದ್ಧಿ."

"ಮುದ್ರೆ ಕೇಳಿದ್ದೀಯಾ?"

"ಇಲ್ಲ ಬುದ್ಧಿ. ಕೋಟೆ ತನಕ ಹೋಗೋಕೆ ಪುರುಸೊತ್ತೆಲ್ಲಿ?"

"ನೀನ್ಯಾಕೆ ಹೋಗಬೇಕು? ನಾನಿದ್ದೀನಲ್ಲ. ಕೊಡು ಇಲ್ಲಿ, ನಿನ್ನ ಹೆಸರಲ್ಲೇ ತೂಗುಹಾಕಿಸ್ತೀನಿ."

"ಇದು ಬೇಡಿ ಬುದ್ಧಿ, ಇದು ಚೆನ್ನಾಗಿಲ್ಲ. ನಾಳೆ ಆವಿಗೆ ಬಿಚ್ಚುತೀನಿ, ಒಳ್ಳೇದು ಕೊಡ್ತೀನಿ."

"ಇದೇ ಸಾಕು" ಅಂತ ಕೋನಪ್ಪ ಬಿಸಿ ಮುಚ್ಚಳವನ್ನೇ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಹೊರಟ. ಹಾಲು ಕುಡಿಯೋದೂ ಮರೆತ. ದೊಡ್ಡ ಮನುಷ್ಯರು ಎಷ್ಟು ಒಳ್ಳೆಯವರು ಅಂತ ಮಾಳವ್ವ ಕೈಮುಗಿದಳು.

ಅವನು ಎಷ್ಟು ಒಳ್ಳೆಯವನು ಅಂತ ಈಗ ಕೇಳಿ. ಸೀದಾ ಅರಮನೆ ಕುಂಬಾರರ ಹತ್ತಿರ ಹೋಗಿ, "ಇದೇ ಥರ ರಾಶಿ ಮುಚ್ಚಳ ಬೇಕು. ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಆಗಬಾರದು" ಅಂದ.

ಕುಂಬಾರರು ತಿರುಗಿಸಿ ನೋಡಿದರು. "ಬುದ್ಧಿ, ಅಂಚಿನಲ್ಲಿ ಇದೇನೋ ಒತ್ತಿದ ಗುರುತಿದೆ. ಇದೂ ಬೇಕಾ?"

ಅದು ಏನು ಅಂತ ಕೋನಪ್ಪನಿಗೆ ಗೊತ್ತಿದ್ದರೆ ತಾನೆ? ಗೊತ್ತಿಲ್ಲ ಅನ್ನೋಕೆ ಅವನ ಮೀಸೆ ಬಿಡಲಿಲ್ಲ. ಆ ಗುರುತು ಬಿಟ್ಟರೆ ಎಲ್ಲಿ ಹಾಲು ಉಕ್ಕುತ್ತೋ ಅನ್ನೋ ಭಯ ಬೇರೆ. "ಗುಟ್ಟು ಇರೋದೇ ಅದರಲ್ಲಿ. ಮುಕ್ಕು ಸಮೇತ ಮಾಡ್ರಯ್ಯ" ಅಂದ. ಅವರು ಮುಕ್ಕು ಸಮೇತ ಮಾಡಿದರು. ಕೋನಪ್ಪ ಅದರಲ್ಲೊಂದನ್ನ ತನ್ನ ಹೆಸರಲ್ಲಿ ಕೋಟೆ ಬಾಗಿಲಿಗೆ ತೂಗುಹಾಕಿದ.

ಒಂದು ಸಂತೆ ಕಳೆಯಿತು. ಎರಡನೇ ಸಂತೆಯೂ ಕಳೆಯಿತು. ಮೂರನೇ ಸಂತೆ ಹತ್ತಿರ ಬಂದಾಗ ಕುಂಬಾರಕೇರಿಯಲ್ಲಿ ಡಂಗುರ ಕೇಳಿಸಿತು. "ಹಾಲುಕ್ಕದ ಮುಚ್ಚಳಕ್ಕೆ ಪಾರುಪತ್ತೇಗಾರ ಕೋನಪ್ಪನವರಿಗೆ ಮುದ್ರೆ ಸಿಗಲಿದೆ. ಸಂತೆ ಮುಗಿದ ಮೇಲೆ ಬೇರೆಯವರ ಕೈಯ ಮುಚ್ಚಳ ಎಲ್ಲಿ ಕಂಡರೂ ಒಡೆಯಲಾಗುವುದು."

ಮಾಳವ್ವ ಮಣ್ಣು ಮೆತ್ತಿದ ಕೈಯಲ್ಲೇ ಕುಸಿದು ಕೂತಳು. ಅನ್ನ ಹೋಗುತ್ತೆ ಅನ್ನೋ ಸಂಕಟ ಒಂದು ಕಡೆ ಇರಲಿ. ತಾನು ಹುಡುಕಿದ್ದನ್ನ ತಾನೇ ಮಾಡಿದರೆ ಇನ್ನು ಮೇಲೆ ತಾನೇ ಕಳ್ಳಿ. ಅದನ್ನ ಅವಳಿಗೆ ತಡೆಯಲಾಗಲಿಲ್ಲ, ಅತ್ತಳು.

ನೀಲಿ ಬಂದು ಪಕ್ಕದಲ್ಲಿ ಕೂತಳು. "ಅಳಬೇಡಿ ಮಾಳವ್ವಾ. ಹೋಗಿ ಜಾಗಟೆ ಬಾರಿಸೋಣ. ನಾನೂ ಬರ್ತೀನಿ."

"ಮೇಕೆಯನ್ನ ಯಾರು ನೋಡ್ಕೋತಾರೆ?"

"ಅದನ್ನೂ ಹೊಡ್ಕೊಂಡು ಹೋಗೋಣ."

ಹೀಗೆ ಇಬ್ಬರು ಹೆಂಗಸರು, ಒಂದು ಮೇಕೆ, ನೀಲಿಯ ಮನೆಯ ಚೆಂದದ ಮುಚ್ಚಳ, ಎಲ್ಲ ಕೋಟೆಗೆ ಹೊರಟವು. ಮೂರನೇ ಸಂತೆಯ ದಿನ ಮಾಳವ್ವ ಜಾಗಟೆ ಬಾರಿಸಿದಳು.

ಬೈರರಸ ಮಂತ್ರಿ ಜೊತೆ ಬಂದು ಕೂತ. ಜನ ಸೇರಿದರು. ಕೋನಪ್ಪನೂ ಬಂದ, ಅವನ ಹಿಂದೆ ಬುಟ್ಟಿಗಟ್ಟಲೆ ಮುಚ್ಚಳಗಳೂ ಬಂದವು.

"ನಿನ್ನದು ಅನ್ನೋಕೆ ಸಾಕ್ಷಿ ಯಾರಮ್ಮ?" ಅಂತ ರಾಜ ಕೇಳಿದ.

"ನಮ್ಮ ಕೇರಿಯವರೆಲ್ಲ ಸಾಕ್ಷಿ ಬುದ್ಧಿ."

"ಪ್ರಭು, ಅವಳ ಕೇರಿಯವರು ಅವಳ ಕಡೆ ಹೇಳದೆ ನನ್ನ ಕಡೆ ಹೇಳ್ತಾರಾ?" ಅಂದ ಕೋನಪ್ಪ. ರಾಜನಿಗೂ ಅದು ಹೌದು ಅನ್ನಿಸಿತು. ಬೇರೆ ಸಾಕ್ಷಿ ಇಲ್ಲದಿದ್ದರೆ ಕಟ್ಟಳೆಯ ಪ್ರಕಾರ ತೂಗುಹಾಕಿದವನಿಗೇ ಕೊಡಬೇಕಾಗುತ್ತೆ ಅಂದ.

ಮಾಳವ್ವ ತಲೆ ಎತ್ತಿ ತೂಗಾಡೋ ಮುಚ್ಚಳ ನೋಡಿದಳು. ಬುಟ್ಟಿಯ ಮುಚ್ಚಳಗಳನ್ನೂ ನೋಡಿದಳು. ಒಂದೊಂದರ ಅಂಚಿನಲ್ಲೂ ತುಂಟಿಯ ಕಾಲು. ಅವಳಿಗೆ ಒಳಗೊಳಗೇ ನಗು ಬಂತು. ನುಂಗಿಕೊಂಡು ಕೈಮುಗಿದಳು.

"ಬುದ್ಧಿ, ಇದು ಪಾರುಪತ್ತೇಗಾರರದೇ ಇದ್ದರೂ ಇರಬಹುದು. ಈ ಅಂಚಿನ ಗುರುತು ಯಾಕೆ ಅಂತ ಅವರು ಹೇಳಿಬಿಡಲಿ, ನಾನು ಸುಮ್ಮನೆ ಹೋಗ್ತೀನಿ."

"ಅದಾ? ಅಂದಕ್ಕೆ" ಅಂದ ಕೋನಪ್ಪ.

"ಅಂದಕ್ಕಾದರೆ ಅಂಚಿನ ಸುತ್ತ ಇರಬೇಕಿತ್ತಲ್ಲ ಬುದ್ಧಿ? ಓರೆಯಾಗಿ ಒಂದೇ ಕಡೆ ಯಾಕಿದೆ?"

ಜನ ಇಣುಕಿ ನೋಡಿದರು. ಓರೆಯಾಗೇ ಇತ್ತು. ಕೋನಪ್ಪ ಮಾತು ತಿರುಗಿಸಿದ. "ಬರೀ ಅಂದಕ್ಕಲ್ಲ. ಹಾಲನ್ನ ಹಿಡಿದು ಇಳಿಸೋದೇ ಆ ಗುರುತು."

"ಹಾಗಾದರೆ ಗುರುತಿಲ್ಲದ ಮುಚ್ಚಳದಲ್ಲಿ ಹಾಲು ಉಕ್ಕಬೇಕಲ್ಲ?" ಅಂತ ಮಾಳವ್ವ ನೀಲಿಯ ಕೈಯಿಂದ ಚೆಂದದ ಮುಚ್ಚಳ ತಗೊಂಡಳು. ಅಲ್ಲೇ ಒಲೆ ಹೂಡಿದರು, ಹಾಲು ಇಟ್ಟರು. ರಾಜನೇ ಬಗ್ಗಿ ನೋಡಿದ. ಹಾಲು ಎದ್ದಿತು, ಇಳಿಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಕೋನಪ್ಪನ ಮಾತು ಸುಳ್ಳಾಯಿತು. ಅಲ್ಲಿಗಾದರೂ ಬಾಯಿ ಮುಚ್ಚಿಕೊಂಡನಾ? ಇಲ್ಲ. ಒಂದು ಸುಳ್ಳಿಗೆ ಇನ್ನೊಂದನ್ನ ಗಂಟುಹಾಕಿದ. "ಪ್ರಭು, ನಿಜ ಹೇಳ್ತೀನಿ. ಅದು ನನ್ನ ಗುರುತು. ಯಾರೂ ಕದಿಯದಿರಲಿ ಅಂತ ಮೊದಲನೇ ಮುಚ್ಚಳಕ್ಕೆ ಈ ಎರಡು ಬೆರಳಲ್ಲಿ ನಾನೇ ಒತ್ತಿದ್ದು."

"ಬೇರೆ ಯಾರೂ ಇದನ್ನ ಒತ್ತಿಲ್ವಾ ಬುದ್ಧಿ?" ಅಂತ ಮಾಳವ್ವ ಮೆಲ್ಲಗೆ ಕೇಳಿದಳು.

"ಈ ಪ್ರಪಂಚದಲ್ಲಿ ನನ್ನ ಬಿಟ್ಟರೆ ಇನ್ನೊಬ್ಬರಿಲ್ಲ."

"ಈ ಗುರುತು ಯಾರದೋ ಮುಚ್ಚಳವೂ ಅವರ ಮನೆಯದೇ. ಒಪ್ಪುತೀರಾ?"

"ಒಪ್ಪಿದೆ" ಅಂದ ಕೋನಪ್ಪ, ಎದೆ ಉಬ್ಬಿಸಿ.

"ಒಂದು ಮುದ್ದೆ ಹಸಿ ಮಣ್ಣು ತರಿಸಿ ಬುದ್ಧಿ" ಅಂದಳು ಮಾಳವ್ವ. ಮಣ್ಣು ಬಂತು. ತಟ್ಟಿ ಹರಡಿದಳು. ನೀಲಿ ಮೇಕೆಯನ್ನ ಎಳೆದುಕೊಂಡು ಬಂದಳು. ಅಷ್ಟು ಹೊತ್ತೂ ಅದು ಮಂತ್ರಿಯ ಕೊರಳ ಹೂವಿನ ಹಾರ ಮೇಯ್ತಾ ನಿಂತಿತ್ತು. ಮಾಳವ್ವ ಅದರ ಮುಂಗಾಲು ಹಿಡಿದು ಮಣ್ಣಿನ ಮೇಲೆ ಊರಿ ಎತ್ತಿದಳು.

ರಾಜ ಕೋಟೆ ಬಾಗಿಲಿನ ಮುಚ್ಚಳ ಬಿಚ್ಚಿಸಿ ಪಕ್ಕದಲ್ಲಿಟ್ಟ. ಅದೇ ಎರಡು ಸೀಳು, ಅದೇ ತುದಿಯಲ್ಲಿ ಅದೇ ಮುಕ್ಕು. ರಾಜ ಒಂದು ಸಲ ಮಣ್ಣು ನೋಡಿದ, ಒಂದು ಸಲ ಮುಚ್ಚಳ ನೋಡಿದ, ಒಂದು ಸಲ ಕೋನಪ್ಪನ ಬೆರಳು ನೋಡಿದ.

"ಕೋನಪ್ಪ, ಈ ಪ್ರಪಂಚದಲ್ಲಿ ಇನ್ನೊಬ್ಬರಿದ್ದಾರಲ್ಲಪ್ಪ" ಅಂದ.

ನೆರೆದ ಜನ ಬಿದ್ದು ಬಿದ್ದು ನಕ್ಕರು. ಕೋನಪ್ಪನ ಮುಖ ಸುಟ್ಟ ಬದನೆಕಾಯಿ ಆಯಿತು. ಬೇರೆ ದಾರಿ ಕಾಣದೆ ನಡೆದದ್ದನ್ನೆಲ್ಲ ಒಪ್ಪಿಕೊಂಡ.

ಮುದ್ರೆ ಮಾಳವ್ವನ ಕೈಗೆ ಬಂತು. ಅದನ್ನ ಕಣ್ಣಿಗೊತ್ತಿಕೊಂಡಳು. ಅರಮನೆ ಕುಂಬಾರರು ಮುಂದೆ ಬಂದು, ಒಪ್ಪಿಗೆ ಕೊಟ್ಟರೆ ನಾವೂ ಮಾಡ್ತೀವಿ ತಾಯಿ ಅಂದರು. "ಮಾಡಿ ಅಣ್ಣಂದಿರಾ, ಮುಚ್ಚಳ ಎಲ್ಲರ ಮನೆಗೂ ಬೇಕು. ನನ್ನನ್ನ ಕೇಳಿ ಮಾಡಿ, ನನ್ನ ಪಾಲು ನನಗೆ ಕೊಡಿ, ಅಷ್ಟು ಸಾಕು" ಅಂದಳು.

"ಇವನಿಗೆ ಏನು ಶಿಕ್ಷೆ ಕೊಡಲಿ, ನೀನೇ ಹೇಳು" ಅಂದ ರಾಜ.

ಮಾಳವ್ವ ಅಲ್ಲೇ ಹೂಡಿದ್ದ ಒಲೆ ಕಡೆ ನೋಡಿದಳು. "ಹೊಡೆಯೋದು ಬಡಿಯೋದು ಬೇಡಿ ಬುದ್ಧಿ. ಅರಮನೆಯ ಹಾಲನ್ನ ಇನ್ನು ಮೇಲೆ ಇವರೇ ಕಾಯಿಸಲಿ. ಮುಚ್ಚಳ ಇಲ್ಲದೆ. ಇವರ ತಲೆಯಿಂದಲೇ ಇವರದ್ದು ಅನ್ನೋ ಒಂದು ಉಪಾಯ ಹುಟ್ಟೋ ತನಕ."

ಆವತ್ತಿನಿಂದ ಕೋನಪ್ಪ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತ. ನೊಣ ಬಂದರೆ ಓಡಿಸೋ ಹಾಗಿಲ್ಲ, ಬೆನ್ನು ತುರಿಸಿದರೆ ಕೆರೆಯೋ ಹಾಗಿಲ್ಲ. ಆಕಳಿಸಿದರೆ ಸಾಕು, ಬುಸ್ ಅಂತ ಹಾಲು ಒಲೆಗೆ. ರಾಣಿಯ ಬೈಗುಳ ಅವನಿಗೆ. ಉಪಾಯ ಹುಟ್ಟಿತಾ ಅಂತ ಕೇಳ್ತೀರಾ? ಕೂತೇ ಇದ್ದ, ನನಗೆ ಗೊತ್ತಿರೋದು ಅಷ್ಟೇ.

ಮಕ್ಕಳೇ, ಬೇರೆಯವರು ಮಾಡಿದ ವಸ್ತುವನ್ನ ಕದಿಯಬಹುದು, ಅದನ್ನ ಯಾಕೆ ಹಾಗೆ ಮಾಡಿದರು ಅನ್ನೋದನ್ನ ಕದಿಯೋಕಾಗಲ್ಲ. ಯಾರ ತಲೆ, ಯಾರ ಕೈ ಸವೆದು ಒಂದು ವಸ್ತು ಆಯಿತೋ, ಅದರ ಹೆಸರೂ ಫಲವೂ ಅವರಿಗೇ ಸಲ್ಲಬೇಕು. ಬೇಕಿದ್ದರೆ ಕೇಳಿ ತಗೊಳ್ಳಿ.

ಸರಿ, ಕಥೆ ಆಯಿತು. ಬುಟ್ಟಿ ಇತ್ತ ಕೊಡಿ ನೋಡೋಣ.