ಒರೆಸಗೊಡದ ಒಗಟು

ಶಾಲೆಯ ಬೀರುವಿನಲ್ಲಿದ್ದ ಹಳೆಯ ಸ್ಲೇಟು ಒದ್ದೆ ಬಟ್ಟೆಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ತೀರಿಹೋದ ಮೇಷ್ಟ್ರು ಕೊನೆಯದಾಗಿ ಬರೆದ ಒಗಟು ಅದರ ಮೇಲಿತ್ತು: “ವಿಶ್ವ ಹುಟ್ಟುವ ಮೊದಲು ಇದ್ದದ್ದು ‘ಭರವು’. ವರ್ಣಮಾಲೆಯಲ್ಲಿ ಒಂದೊಂದು ಅಕ್ಷರ ಹಿಂದೆ ಸರಿದು ಓದಿ.”

“ಇದನ್ನು ಅಳಿಸಿದರೆ ಅವರ ಕೈಬರಹವೇ ಉಳಿಯುವುದಿಲ್ಲ,” ಎಂದಿತು ಸ್ಲೇಟು.

“ಒಗಟು ಬಿಡಿಸಿದೆಯಾ?” ಎಂದು ಕೇಳಿತು, ಅದನ್ನು ಬರೆದು ಸವೆದಿದ್ದ ಬಳಪ.

“ನೋಡುತ್ತಲೇ ಇದ್ದೆ. ಬಿಡಿಸಲಿಲ್ಲ.”

“‘ಭ’ದ ಹಿಂದೆ ‘ಬ’. ‘ರ’ದ ಹಿಂದೆ ‘ಯ’. ‘ವು’ವಿನ ಹಿಂದೆ ‘ಲು’.”

“ಬಯಲು. ಏನೂ ಇಲ್ಲದ ಖಾಲಿ,” ಎಂದಿತು ಸ್ಲೇಟು. ದಿನಾ ಬೆಳಿಗ್ಗೆ ಮೇಷ್ಟ್ರು ತನ್ನನ್ನು ಪೂರ್ತಿ ಒರೆಸಿ, ಒಣಗುವವರೆಗೆ ಊದಿ, ಆಮೇಲೆ ‘ಅ’ ಬರೆಯುತ್ತಿದ್ದುದು ನೆನಪಾಯಿತು.

ಅದು ಒದ್ದೆ ಬಟ್ಟೆಯನ್ನು ಕರೆಯಿತು. “ಬಾರಮ್ಮ. ಸ್ವಲ್ಪ ನಿಧಾನವಾಗಿ ಒರೆಸು.”