ದ್ಯಾಮವ್ವನ ಹೊಸ್ತಿಲು ಮತ್ತು ಸಿಟ್ಟಿಗೆದ್ದ ನೀರು

ಒಂದಾನೊಂದು ಊರಿನಲ್ಲಿ, ಅದು ನಿಮ್ಮೂರಲ್ಲ, ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಬೇಡಿ, ಒಬ್ಬ ರಾಜನಿದ್ದ. ಅವನಿಗೆ ಸೈನ್ಯವಿತ್ತು, ಖಜಾನೆಯಿತ್ತು. ಆದರೆ ದೇಶ ನಡೆಯುತ್ತಿದ್ದದ್ದು ಅವನ ಮೂಗಿನಿಂದ. ಚೂರು ಧೂಳು ಹೋದರೂ ರಾಜ ಸೀನುತ್ತಿದ್ದ. ಒಂದೇ ಸೀನು. ಎರಡನೆಯದು ಅವನಿಗೆ ಯಾವತ್ತೂ ಬಂದದ್ದಿಲ್ಲ.

ಒಂಟಿ ಸೀನು ಅಪಶಕುನ ಅಲ್ಲವೇ? ನಮ್ಮ ನಿಮ್ಮ ಮನೆಯಲ್ಲಾದರೆ, ಹೊರಟವನು ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು, ಆಮೇಲೆ ಏಳುತ್ತಾನೆ. ಸೀನಿದವನು ರಾಜನಾದರೆ? ಇಡೀ ದೇಶ ಕೂರಬೇಕು. ಕ್ಷೌರಿಕ ಅರ್ಧ ಮೀಸೆ ಬಿಟ್ಟು ಕೂರುತ್ತಿದ್ದ. ಕಳ್ಳ ಕೂರುತ್ತಿದ್ದ, ಅಟ್ಟಿಸಿಕೊಂಡು ಬಂದವರು ಅವನ ಪಕ್ಕದಲ್ಲೇ ಕೂರುತ್ತಿದ್ದರು. ಒಂದೇ ತಂಬಿಗೆಯಲ್ಲಿ ನೀರು ಕುಡಿದು ಮತ್ತೆ ಓಡುತ್ತಿದ್ದರು.

ಆ ಊರಲ್ಲಿ ದ್ಯಾಮವ್ವ ಅಂತ ಕಲ್ಲು ಕೆತ್ತುವವಳು ಇದ್ದಳು. ಮಗನ ಮದುವೆ ಮಾಡಿದಳು. ಸೊಸೆ ಶಿವಕ್ಕ ಮನೆ ತುಂಬಲು ಬಾಗಿಲಿಗೆ ಬಂದಳು, ಅಕ್ಕಿಯ ಸೇರು ಒದೆಯಲು ಬಲಗಾಲು ಎತ್ತಿದಳು. ನೋಡಿದರೆ ಸೇರು ಇಡಲು ಹೊಸ್ತಿಲೇ ಇಲ್ಲ! ಊರಿಗೆಲ್ಲ ಹೊಸ್ತಿಲು ಮಾಡಿಕೊಟ್ಟ ದ್ಯಾಮವ್ವ ತನ್ನ ಮನೆಗೆ ಮಾಡಿಕೊಳ್ಳಲು ಮರೆತಿದ್ದಳು.

“ಎತ್ತಿದ ಕಾಲು ಇಳಿಸಬ್ಯಾಡವ್ವ, ಅಪಶಕುನ. ಈಗ ಕೆತ್ತಿಬಿಡ್ತೀನಿ” ಅಂದಳು.

ಉಳಿ ಟಣ್ ಅಂದಿತು. ಧೂಳು ಎದ್ದಿತು. ರಾಜ ಸೀನಿದ. ದೇಶ ಕೂತಿತು, ನೀರು ಕುಡಿಯಿತು, ಎದ್ದಿತು. ಉಳಿ ಟಣ್ ಅಂದಿತು. ರಾಜ ಸೀನಿದ. ದೇಶ ಕೂತಿತು. ಹೀಗೇ ಜೋಳ ಬಿತ್ತುವ ಕಾಲ ಹೋಗಿ ಕೊಯ್ಯುವ ಕಾಲ ಬಂತು.

“ಅತ್ತೀ, ಕಾಲು ಜೋಮು ಹಿಡದೈತ್ರಿ” ಎಂದಳು ಶಿವಕ್ಕ. ರಾಜ ಸೀನಲಿ ಎಂದು ಹರಕೆ ಹೊತ್ತವಳು ಆ ದೇಶದಲ್ಲಿ ಅವಳೊಬ್ಬಳೇ. ಸೀನಿದಾಗಲಾದರೂ, ಕಾಲೆತ್ತಿಕೊಂಡೇ ಆಗಲಿ, ಕೂರಬಹುದಲ್ಲ!

ಕೊನೆಗೆ ರಾಜನ ಮೂಗು ಸೋತಿತು. “ಧೂಳು ಎಬ್ಬಿಸುವುದನ್ನೆಲ್ಲ ಹಿಡಿದು ಒಳಗೆ ಹಾಕಿ” ಎಂದ. ಉಳಿಗೆ ಜೈಲಾಯಿತು. ದ್ಯಾಮವ್ವ ಆಸ್ಥಾನಕ್ಕೆ ಓಡಿದಳು.

“ಕಲ್ಲು ಉಳಿ ಇಲ್ಲದ ಹೆಂಗ ಕೊಯ್ಲಿ, ದೊರಿ?”

ಮಂತ್ರಿಗಳು ಯೋಚಿಸಿದರು. ಧೂಳು ಎಬ್ಬಿಸದೇ ಇರುವುದು ಯಾವುದು? ನೀರು. “ಹಾಗಾದರೆ ನೀರಿನಿಂದ ಕೊಯ್ಯಿ” ಎಂದು ಅಪ್ಪಣೆಯಾಯಿತು. ಸಲಹೆ ಕೊಟ್ಟ ಮಂತ್ರಿಗೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟರು.

ದ್ಯಾಮವ್ವ ಕೆರೆಗೆ ಹೋಗಿ ಕೈಮುಗಿದಳು.

“ಅದಕ್ಕೇನವ್ವ, ಕೊಯ್ತೀನಿ. ಸಾವಿರ ವರ್ಷ ಕೊಡು” ಎಂದಿತು ನೀರು.

“ಸೊಸಿ ಒಂಟಿಕಾಲಾಗ ನಿಂತಾಳೋ ಎಪ್ಪಾ!”

“ಲಗೂನ ಆಗಬೇಕಂದ್ರ ನನಗ ಸಿಟ್ಟು ಬರಬೇಕು. ಇಷ್ಟು ದೊಡ್ಡ ಕೆರಿಯಾಗ ಕಾಲು ಚಾಚಿ ಮಲಗೀನಿ. ಸಿಟ್ಟು ಎಲ್ಲಿಂದ ತರ್ಲಿ?”

“ಹಂಗಾರ ನಿನಗ ಜಾಗ ಸಾಲದಂಗ ಮಾಡ್ತೀನಿ, ತಡಿ” ಅಂದಳು ದ್ಯಾಮವ್ವ.

ದೊಡ್ಡದೊಂದು ತೊಗಲಿನ ಚೀಲ ಹೊಲಿದಳು. ನೀರನ್ನು ಅದರೊಳಗೆ ತುಂಬಿ, ಸೂಜಿಯ ಕಣ್ಣಿನಷ್ಟು ತೂತು ಬಿಟ್ಟು, ಚೀಲದ ಮೇಲೆ ತಾನೇ ಕೂತಳು. ನೀರು ಗೊಣಗಿತು, ಕುಂಬಳಕಾಯಿ ಕೊಯ್ದಿತು. ಬೀಗರನ್ನು ಕೂರಿಸಿದಳು. ನೀರು ಬೈದಿತು, ಹಲಗೆ ಕೊಯ್ದಿತು. “ಬರೇ ಸಿಟ್ಟಿದ್ರ ಸಾಲದವ್ವ, ಬಾಯಾಗ ಚೂರು ಉಸುಕು ಹಾಕು” ಎಂದಿತು. ಒಂದು ಹಿಡಿ ಉಸುಕು ಹಾಕಿದಳು. ಈ ಸಲ ನೇಗಿಲಿನ ಕಬ್ಬಿಣದ ಗುಳ ಎರಡು ತುಂಡಾಯಿತು. ಕಲ್ಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಊರಿಗೆ ಊರೇ ಕೂತ್ರ ಆಗತೈತಿ” ಎಂದಿತು ನೀರು.

ಊರಿಗೆ ಊರೇ ಕೂರುವುದು ಯಾವಾಗ? ರಾಜ ಸೀನಿದಾಗ! ದ್ಯಾಮವ್ವ ಕೆರೆ, ಬಾವಿ, ಕೊಡ, ತಂಬಿಗೆ, ಎಲ್ಲದರ ನೀರನ್ನೂ ಚೀಲಕ್ಕೆ ತುಂಬಿದಳು. ಚೀಲವನ್ನು ಊರಿನ ಪ್ರತಿ ಚಾಪೆ, ಪ್ರತಿ ಮಣೆ, ಪ್ರತಿ ಕಟ್ಟೆಯ ಮೇಲೂ ಹಾಸಿದಳು. ಸಿಂಹಾಸನವನ್ನೂ ಬಿಡಲಿಲ್ಲ. ಕೊಯ್ದ ಮೇಲೆ ಹೊತ್ತು ತರುವ ತಾಪತ್ರಯ ಯಾಕೆಂದು ಕಲ್ಲನ್ನು ಮೊದಲೇ ಬಾಗಿಲಲ್ಲಿ ಕೂರಿಸಿ, ಚೀಲದ ತೂತನ್ನು ಅದರತ್ತ ತಿರುಗಿಸಿದಳು. ಬುದ್ಧಿವಂತೆ! ಆಮೇಲೆ ಒಂದು ಚಿಟಿಕೆ ನಶ್ಯ ಹಿಡಿದು ಅರಮನೆಗೆ ಹೋದಳು.

ಅಲ್ಲಿ ರಾಜ ಸಪ್ಪಗೆ ಕೂತಿದ್ದ. ಉಳಿ ಜೈಲಿಗೆ ಹೋದಾಗಿನಿಂದ ಅವನಿಗೆ ಸೀನೇ ಇಲ್ಲ. ಸೀನಿಲ್ಲದ ರಾಜನ ಮಾತಿಗೆ ಯಾರು ಕೂರುತ್ತಾರೆ? “ಯಾರೂ ನನ್ನ ಮಾತು ಕೇಳವಲ್ರು, ದ್ಯಾಮವ್ವ” ಎಂದು ಕಣ್ಣೀರು ಹಾಕಿದ.

“ಇದನ್ನ ಏರಸ್ರಿ ದೊರಿ, ದೇಶಕ್ಕ ದೇಶ ಕೂರತೈತಿ. ನಾ ಮನಿ ಮುಟ್ಟೂ ತನಕ ಮಾತ್ರ ತಡೀರಿ.”

ಅವಳು ಅಂಗಳ ಮುಟ್ಟುವುದಕ್ಕೂ ರಾಜ ಸೀನುವುದಕ್ಕೂ ಸರಿಹೋಯಿತು. ದೇಶ ಧೊಪ್ಪನೆ ಕೂತಿತು. ನೀರಿಗೆ ಹುಟ್ಟಿದಾಗಿನಿಂದ ಬರದಿದ್ದ ಸಿಟ್ಟು ಬಂತು. ಸರ್ರನೆ ನುಗ್ಗಿ ನೂಲು ಹಿಡಿದ ಹಾಗೆ ಹೊಸ್ತಿಲು ಕೊಯ್ದಿತು. ಧೂಳಿಲ್ಲ, ಸದ್ದಿಲ್ಲ. ದ್ಯಾಮವ್ವನಿಗೆ ಖುಷಿಯಿಂದ ಅಳು ಬಂತು.

“ಸಾಕು ನಿಲ್ಲಪಾ” ಅಂದಳು.

“ನೀವು ಏಳ್ರಿ, ನಾ ನಿಲ್ತೀನಿ” ಎಂದಿತು ನೀರು.

ಏಳುವುದು ಹೇಗೆ? ಒಂದು ಗುಟುಕು ನೀರು ಕುಡಿಯದೆ ಏಳುವ ಹಾಗಿಲ್ಲ. ನೀರೆಲ್ಲ ಚೀಲದಲ್ಲಿದೆ, ಚೀಲದ ಮೇಲೆ ದೇಶ ಕೂತಿದೆ! ನೀರು ಗೋಡೆ ಕೊಯ್ದಿತು. ತೊಲೆ ಕೊಯ್ದಿತು. ಒಲೆ, ಒರಳು, ಹಿತ್ತಿಲ ಬಾಗಿಲು ಕೊಯ್ದಿತು. ಮುಂದೆ ಹೋಗಿ ಜೈಲಿನ ಸರಳು ಕೊಯ್ದಿತು. ಎಲ್ಲರೂ ಕೂತಿದ್ದರಿಂದ ಉಳಿ ಒಂದೇ ಆರಾಮವಾಗಿ ಹೊರಗೆ ನಡೆಯಿತು. ದ್ಯಾಮವ್ವ ತನ್ನ ಮನೆ ಬೀಳುವುದನ್ನು ಎದೆ ಎದೆ ಬಡಿದುಕೊಂಡು ನೋಡಿದಳು. ಆದರೆ ಏಳಲಿಲ್ಲ. ಸೊಸೆ ಬರುವ ಹೊತ್ತಿಗೆ ಅಪಶಕುನ ಯಾಕೆ?

ಚೀಲ ಖಾಲಿಯಾದ ಮೇಲೆ ನೀರಿನ ಸಿಟ್ಟು ಇಳಿಯಿತು. ಎಲ್ಲರ ಕಾಲ ಬುಡಕ್ಕೆ ಬಂದು ತಣ್ಣಗೆ ಮಲಗಿತು. ಜನ ಬೊಗಸೆಯಲ್ಲಿ ಎತ್ತಿ ಕುಡಿದು ಎದ್ದರು.

ದ್ಯಾಮವ್ವ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದಳು, ಅಕ್ಕಿಯ ಸೇರು ಇಟ್ಟಳು. ಹೊಸ್ತಿಲು ಎಷ್ಟು ಚೆಂದ ಅಂದರೆ, ಅಂಥದ್ದು ಅರಮನೆಗೂ ಇರಲಿಲ್ಲ. ಅದರ ಆಚೆ ಏನೂ ಇರಲಿಲ್ಲ, ಈಚೆಯೂ ಇರಲಿಲ್ಲ. ಶಿವಕ್ಕ ಬಲಗಾಲಿನಿಂದ ಸೇರು ಒದ್ದು, ಹೊಸ್ತಿಲ ಮೇಲೆ ನಿಂತಳು.

“ಒಳಗ ಬಾರವ್ವ” ಎಂದಳು ದ್ಯಾಮವ್ವ.

ಶಿವಕ್ಕ ಆ ಕಡೆ ನೋಡಿದಳು, ಈ ಕಡೆ ನೋಡಿದಳು.

“ಒಳಗಂದ್ರ ಯಾವ ಕಡಿ ಅತ್ತೀ?”

ಆದ್ದರಿಂದ ಮಕ್ಕಳೇ, ಹೊಸ್ತಿಲು ಕೊಯ್ಯಿಸುವಾಗ ಮನೆಯನ್ನು ಸ್ವಲ್ಪ ಪಕ್ಕಕ್ಕೆ ಎತ್ತಿಡಬೇಕು. ಇದೇ ನೀತಿ. ಕತೆ ಸೀನಿತು, ನೀವು ಕೂತಿರಿ. ಈಗ ಒಂದು ಗುಟುಕು ನೀರು ಕುಡಿದು ಏಳಿ.