ಕಲ್ಲವ್ವನಿಗೆ ಶನಿಯ ಮುಖ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಎರಡು ನಿಯಮಗಳಿದ್ದವು. ಫೋನನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ನಡೆದದ್ದನ್ನು ನಡೆದ ಗಳಿಗೆಯಲ್ಲೇ ಶಾಯಿಯಲ್ಲಿ ದಿನಚರಿ ಪುಸ್ತಕಕ್ಕೆ ಬರೆಯಬೇಕು, ಬರೆದದ್ದನ್ನು ಅಳಿಸಬಾರದು.

ಎಲ್ಲರಿಗೂ ಇದ್ದದ್ದು ಒಂದೇ ಗಡಿಯಾರ, ಪ್ರಾರ್ಥನಾ ಮಂದಿರದ ಗೋಡೆಯದು. ಆಚೆ ದಡದ ಸಂಜೆ ಏಳು ಗಂಟೆಯ ಬಸ್ಸು ಅದರ ಪ್ರಕಾರ ದಿನವೂ ತಡವಾಗಿ ಬರುತ್ತಿತ್ತು. ಆಶ್ರಮದವರು ದಿನವೂ ಡ್ರೈವರನ್ನು ಬೈಯುತ್ತಿದ್ದರು.

ಆಶ್ರಮದ ಹಿರಿಯರು ನೀಲಾಂಬಿಕೆ ಅಕ್ಕನವರು. ಅವರ ಶಿಷ್ಯ ಶಾಂತವೀರ, ಬಿ.ಎಸ್ಸಿ. ಮುಗಿಸಿ ಬಂದವನು. ದಾಸೋಹದ ಅಡುಗೆ ಕಲ್ಲವ್ವನದು.

ಕಲ್ಲವ್ವನ ನೋಟ ವರ್ಷದಿಂದ ವರ್ಷಕ್ಕೆ ಅಂಚಿನಿಂದ ಕಪ್ಪಾಗುತ್ತ ಬಂದಿತ್ತು. ನಡುವೆ ಒಂದು ರೊಟ್ಟಿಯಗಲ ಉಳಿದಿತ್ತು. ಮಳೆಗಾಲದ ಹೊತ್ತಿಗೆ ಅದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು.

ಪುಷ್ಯ ಮಾಸದಲ್ಲಿ ಒಂದು ದಿನ ಅವಳು ಅಕ್ಕನವರ ಮುಂದೆ ಬಂದು ನಿಂತಳು.

“ಅಕ್ಕಾರ, ಕಣ್ಣು ಹೋಗೂದರೊಳಗ ನಾ ಒಬ್ಬನ್ನ ನೋಡಬೇಕಾಗೇತಿ.”

“ಯಾರನ್ನು?”

“ಶನೀನ್ನ.”

“ಏಕೆ?”

“ಗಂಡ ಸತ್ತಾಗ, ಇದು ಇವಳ ಶನಿ ಅಂದ್ರು. ಕೂಸು ಸತ್ತಾಗ, ಇದೂ ಇವಳ ಶನಿನ ಅಂದ್ರು. ನಲವತ್ತು ವರ್ಷ, ಶನಿವಾರ ಬಂದ್ರ ಸಾಕು, ಅವಗ ಎಳ್ಳೆಣ್ಣಿ ಸುಟ್ಟೀನಿ. ಅವನ ಮಾರಿ ಹೆಂಗೈತಿ ಒಮ್ಮೆ ನೋಡ್ತೀನಿ. ಎದುರಿಗೆ ನಿಂತು ನಾಲ್ಕು ಮಾತು ಬೈತೀನಿ.”

ಅಕ್ಕನವರು ಶಾಂತವೀರನ ಕಡೆ ತಿರುಗಿದರು.

“ತೋರಿಸುತ್ತೀಯಾ?”

“ತೋರಿಸುತ್ತೇನೆ. ಪೇಟೆಯ ಶಾಲೆಯಲ್ಲಿ ಕಂಪ್ಯೂಟರ್ ಇರುವ ದೂರದರ್ಶಕ ಇದೆ. ಹೆಸರು ಒತ್ತಿದರೆ ಸಾಕು, ತಾನೇ ಹುಡುಕಿ ನಿಲ್ಲುತ್ತದೆ.”

ಶಾಲೆಯವರು ಒಂದು ದಿನದ ಮಟ್ಟಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ಅದು ವಾಪಸು ಹೋಗಬೇಕಿತ್ತು. ಶನಿಯೂ ಪಡುವಣಕ್ಕೆ ಇಳಿದಿದ್ದ. ಇನ್ನು ಕೆಲವು ದಿನ ಕಳೆದರೆ ಸೂರ್ಯನ ಬೆಳಕಿನಲ್ಲಿ ಮರೆಯಾಗಿ, ಸಂಜೆಯ ಆಕಾಶಕ್ಕೆ ತಿರುಗಿ ಬರುವುದು ಮಳೆಗಾಲದಲ್ಲಿ.

ಆ ಸಂಜೆ ಶಾಂತವೀರ ಲೆಕ್ಕ ಹಾಕಿ ಹೇಳಿದ: “ಏಳೂ ಇಪ್ಪತ್ತಕ್ಕೆ ಅವನು ಗುಡ್ಡದ ಹಿಂದೆ ಹೋಗುತ್ತಾನೆ. ಅಷ್ಟರೊಳಗೆ ಆಗಬೇಕು.”

ಹೊಳೆಯ ದಂಡೆಯಲ್ಲಿ ಮುಕ್ಕಾಲಿ ಊರಿದ. ಕೊಳವೆ ಕೂರಿಸಿದ. ಓಡಿಹೋಗಿ ಗೋಡೆಯ ಗಡಿಯಾರ ನೋಡಿ ಬಂದು ಹೊತ್ತನ್ನು ಒತ್ತಿದ. ದಿನಾಂಕ ಒತ್ತಿದ, ಊರು ಒತ್ತಿದ.

ಯಂತ್ರ ಗುರ್ರೆಂದು ತಿರುಗಿ ನಿಂತಿತು. ಅದರ ಪುಟ್ಟ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಬ್ರಹ್ಮಹೃದಯ ನಕ್ಷತ್ರ ನಡುವೆ ಇದೆಯೇ?

“ಏನ್ ಕೇಳಾಕತ್ತೇತಿ ಅದು?” ಎಂದಳು ಕಲ್ಲವ್ವ.

“ಏನೋ ಕೇಳುತ್ತದೆ. ಸುಮ್ಮನೆ ಕೂತುಕೋ, ಹೊತ್ತಿಲ್ಲ.”

ಹೌದು ಎಂದು ಒತ್ತಿದ. ಯಂತ್ರ ಮತ್ತೊಂದು ಕಡೆ ತಿರುಗಿತು. ರೋಹಿಣಿ ನಡುವೆ ಇದೆಯೇ? ಅದಕ್ಕೂ ಹೌದು. ಸಿದ್ಧವಾಯಿತು ಎಂದಿತು ಯಂತ್ರ.

ಶನಿ ಎಂದು ಒತ್ತಿದ. ಕೊಳವೆ ಗುಡ್ಡದ ಕಡೆ ಬಾಗಿತು. ಪರದೆಯ ಮೇಲೆ ಶನಿ ಎಂಬ ಹೆಸರು ಮೂಡಿತು.

“ಬಾ ಕಲ್ಲವ್ವ. ನಿನ್ನ ಶನಿ.”

ಕಲ್ಲವ್ವ ಸೆರಗು ಬಿಗಿದು ಬಂದಳು. ಬೈಯಲು ಬಾಯಿ ತೆರೆದು ಕಣ್ಣಿಟ್ಟಳು. ಬಾಯಿ ಹಾಗೇ ಉಳಿಯಿತು.

“ಏನೂ ಇಲ್ಲಪ್ಪ. ಬರೇ ಕತ್ತಲಿ.”

“ಸರಿಯಾಗಿ ನೋಡು.”

“ನೋಡೀನಿ.”

“ಅಲ್ಲೇ ಇದ್ದಾನೆ ಕಲ್ಲವ್ವ! ಯಂತ್ರ ಹೇಳುತ್ತಿದೆ!”

“ಯಂತ್ರ ಹೇಳಿದ್ರ ಯಂತ್ರಕ್ಕ ಕಂಡಿರಬೇಕು. ನನಗ ಕಾಣವಲ್ದು.”

ಶಾಂತವೀರನಿಗೆ ರೇಗಿತು. ಶಾಲೆಯವರ ಕಾಲು ಹಿಡಿದು ತಂದದ್ದು, ಹೆಗಲ ಮೇಲೆ ಹೊತ್ತದ್ದು, ಎಲ್ಲ ನೆನಪಾಯಿತು.

“ನಿನ್ನ ಕಣ್ಣೇ ಹೋಗಿದೆ. ಅದಕ್ಕೆ ನಾನೇನು ಮಾಡಲಿ?”

ಕಲ್ಲವ್ವ ಕೈಯಿಂದ ನೆಲ ಸವರಿ ಕಲ್ಲೊಂದನ್ನು ಹುಡುಕಿ ಅದರ ಮೇಲೆ ಕುಳಿತಳು. ಎರಡು ಕೈಯನ್ನೂ ಕಣ್ಣಿನ ಮುಂದೆ ಹಿಡಿದು ಬೆರಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಶಾಂತವೀರ ದಿನಚರಿಯಲ್ಲಿ ಬರೆದ: ‘೭.೧೦. ಶನಿಯನ್ನು ತೋರಿಸಲಾಯಿತು. ಕಲ್ಲವ್ವನ ಕಣ್ಣಿನ ದೋಷದಿಂದ ಕಾಣಲಿಲ್ಲ.’

ಅಕ್ಕನವರು ದಂಡೆಗೆ ಬಂದಾಗ ಅವಳು ಇನ್ನೂ ಬೆರಳು ನೋಡುತ್ತ ಕುಳಿತಿದ್ದಳು.

“ಕಂಡನೇ?”

“ನನ್ನ ಕಣ್ಣು ಹೋಗ್ಯಾವಂತ ಅಕ್ಕಾರ. ಮಳಿಗಾಲದ ಮಟ ಇರ್ತಾವ ಅಂತ ತಿಳ್ಕೊಂಡಿದ್ದೆ.”

“ಯಾರು ಹೇಳಿದರು?”

ಕಲ್ಲವ್ವ ಕತ್ತಲಲ್ಲಿ ಶಾಂತವೀರ ನಿಂತ ಕಡೆ ಗದ್ದ ಎತ್ತಿದಳು.

ಅಕ್ಕನವರು ದಿನಚರಿ ಓದಿದರು. ಆಮೇಲೆ ತಾವೇ ಬಗ್ಗಿ ಕೊಳವೆಗೆ ಕಣ್ಣಿಟ್ಟರು. ಎದ್ದು ನಿಂತಾಗ ಅವರ ದನಿ ಬದಲಾಗಿತ್ತು.

“ಶನಿಗೆ ಎಲೆಗಳಿರುತ್ತವೆಯೇ?”

“ಎಲೆಯೇ?”

“ಗುಡ್ಡದ ಮೇಲಿನ ಗಿಡ ಕಾಣುತ್ತಿದೆ. ಬಾ, ನೋಡು.”

ಶಾಂತವೀರ ನೋಡಿದ. ಕೊಳವೆಯಲ್ಲಿ ತಲೆಕೆಳಗಾಗಿ ಒಂದು ಕೊಂಬೆ ಗಾಳಿಗೆ ಅಲ್ಲಾಡುತ್ತಿತ್ತು.

“ಇದಕ್ಕೆ ಮೊದಲು ನೀನು ಇದರಲ್ಲಿ ಕಣ್ಣಿಟ್ಟಿದ್ದೆಯಾ?”

“ಇಲ್ಲ.”

“ಒಂದು ಸಲ?”

“ಇಲ್ಲ ಅಕ್ಕನವರೇ. ಹೊತ್ತಿರಲಿಲ್ಲ. ಯಂತ್ರ ಸಿದ್ಧ ಎಂದಿತು.”

“ಎರಡು ಸಲ ಅದು ಏನೋ ಕೇಳ್ತು ಅಕ್ಕಾರ,” ಎಂದಳು ಕಲ್ಲವ್ವ. “ಎರಡೂ ಸಲ ಇವ ಗುಂಡಿ ಒತ್ತಿದ.”

“ಏನು ಕೇಳಿತು?”

ಶಾಂತವೀರ ತಲೆ ತಗ್ಗಿಸಿದ. “ನಕ್ಷತ್ರ ನಡುವೆ ಇದೆಯೇ ಎಂದು.”

“ಯಂತ್ರಕ್ಕೆ ತನ್ನ ಮೇಲೆ ಅನುಮಾನವಿತ್ತು. ಅದಕ್ಕೆ ನಿನ್ನನ್ನು ಕೇಳಿತು. ನೀನು ನೋಡದೆ ಹೌದು ಎಂದೆ. ನೋಡಿದವಳು ಇಲ್ಲ ಎಂದಾಗ ಅವಳ ಕಣ್ಣು ಹೋಗಿದೆ ಎಂದೆ!”

ಅಕ್ಕನವರು ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಆ ದಂಡೆ ಕೇಳಿರಲಿಲ್ಲ.

ಶಾಂತವೀರ ಪರದೆಯ ಮೇಲಿನ ಹೊತ್ತು ನೋಡಿ ಯಂತ್ರವನ್ನು ಆರಿಸಿದ. ಅವನಿಗೂ ಸಿಟ್ಟು ಬಂದಿತ್ತು.

“ಬೈಯಿರಿ. ಬೈದು ಏನು ಬಂತು? ಏಳೂ ಇಪ್ಪತ್ತಾಯಿತು. ಶನಿ ಗುಡ್ಡ ದಾಟಿದ. ಇನ್ನು ಯಾರು ನೋಡಿದರೂ ಇಲ್ಲ.”

“ತಲೆ ಎತ್ತು. ಗುಡ್ಡದ ಮೇಲೆ ಹಳದಿಯಾಗಿ, ಮಿನುಗದೆ ನಿಂತಿರುವುದು ಯಾರು?”

ಶಾಂತವೀರ ನೋಡಿದ.

“ಅದು ಶನಿಯ ಹಾಗೇ ಇದೆ. ಆದರೆ ಶನಿ ಅಲ್ಲ. ಶನಿ ಈಗ ಮುಳುಗಿರಬೇಕು.”

“ಇರಬೇಕೇ?”

“ಲೆಕ್ಕದ ಪ್ರಕಾರ.”

ಆಗ ಆಚೆ ದಡದಲ್ಲಿ ಬಸ್ಸಿನ ಹಾರನ್ ಕೇಳಿತು.

ಶಾಂತವೀರ ಅಭ್ಯಾಸಬಲದಿಂದ ಹಲ್ಲು ಕಡಿದ. “ಆ ಡ್ರೈವರ್ ಒಬ್ಬ. ಏಳರ ಬಸ್ಸು. ಇವತ್ತೂ ಇಪ್ಪತ್ತು ನಿಮಿಷ ತಡ.”

ಅಕ್ಕನವರು ಅಲ್ಲಾಡದೆ ನಿಂತರು. ಬಸ್ಸಿನ ದೀಪ ಸೇತುವೆ ದಾಟುವವರೆಗೂ ಹಾಗೇ ನಿಂತಿದ್ದರು.

“ಬಸ್ಸು ಸರಿಯಾದ ಹೊತ್ತಿಗೇ ಬಂದಿದೆ,” ಎಂದರು.

“ಗಡಿಯಾರ...”

“ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ಒಂಬತ್ತು ವರ್ಷದ ಹಿಂದೆ ನಾನೇ ತಿರುಗಿಸಿಟ್ಟೆ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ತಡವಾಗಿ ಬರುತ್ತಿದ್ದರು. ಹೇಳಿ ಹೇಳಿ ಸಿಟ್ಟು ಬಂತು. ಯಾರಿಗೂ ತಿಳಿಸಲಿಲ್ಲ.”

ಕಲ್ಲವ್ವ ಕಲ್ಲಿನಿಂದ ಎದ್ದಳು.

“ಒಂಬತ್ತು ವರ್ಷ! ನಾ ಕತ್ತಲಾಗ ಎದ್ದು ಒಲಿ ಹಚ್ಚೀನಿ ಅಕ್ಕಾರ! ದಿನಾ ಇಪ್ಪತ್ತು ನಿಮಿಷದ ನಿದ್ದಿ ನೀವ ತಿಂದೀರಿ! ನಾ ಅದನ್ನೂ ಶನಿ ತಲಿ ಮ್ಯಾಲ ಹಾಕಿದ್ದೆ!”

“ಬೈ ಕಲ್ಲವ್ವ. ಆದರೆ ನಾಳೆ ಬೈ. ಈಗ ಇಪ್ಪತ್ತು ನಿಮಿಷ ಉಳಿದಿದೆ.”

ಅಕ್ಕನವರು ಶಾಂತವೀರನ ಕೈಗೆ ಯಂತ್ರದ ಗುಂಡಿಗಳಿದ್ದ ಪೆಟ್ಟಿಗೆಯನ್ನು ಕೊಟ್ಟರು.

“ಮೊದಲಿನಿಂದ ಮಾಡು.”

“ಕೈಯಿಂದಲೇ ಅವನ ಕಡೆ ತಿರುಗಿಸಿಬಿಡುತ್ತೇನೆ. ಈ ದರಿದ್ರ ಯಂತ್ರ ಬೇಡ.”

“ಸುಳ್ಳು ಹೇಳಿದ್ದು ನಾವಿಬ್ಬರು, ಅದಲ್ಲ. ಮೊದಲಿನಿಂದ ಮಾಡು.”

ಶಾಂತವೀರ ಯಂತ್ರವನ್ನು ಮತ್ತೆ ಚಾಲು ಮಾಡಿ ಹೊತ್ತನ್ನು ತಿದ್ದಿ ಒತ್ತಿದ. ಯಂತ್ರ ತಿರುಗಿ ನಿಂತು ಅದೇ ಪ್ರಶ್ನೆ ಕೇಳಿತು. ಈ ಸಲ ಅವನು ಮಂಡಿಯೂರಿ ಕಣ್ಣಿಟ್ಟ. ಬ್ರಹ್ಮಹೃದಯ ಅಂಚಿನಲ್ಲಿತ್ತು. ಗುಂಡಿ ಒತ್ತಿ ಒತ್ತಿ ಅದನ್ನು ನಡುವೆ ತಂದ. ಆಮೇಲೆ ಹೌದು ಎಂದ. ರೋಹಿಣಿಯನ್ನೂ ಹಾಗೇ ನಡುವೆ ತಂದು ಹೌದು ಎಂದ.

ಶನಿ ಎಂದು ಒತ್ತಿದ. ಕೊಳವೆ ಗುಡ್ಡದ ಮೇಲೆ, ಹಳದಿ ಚುಕ್ಕೆಯ ಕಡೆ ನಿಂತಿತು. ಅವನು ಕಣ್ಣಿಟ್ಟ. ಹಾಗೇ ಇದ್ದುಬಿಟ್ಟ.

“ನೀನ ನೋಡ್ಕೊಂತ ಕುಂತ್ರ ನಾ ಯಾವಾಗ ನೋಡ್ಲಿ? ಸರಿ ಅತ್ತಾಗ!”

ಕಲ್ಲವ್ವ ಅವನ ಹೆಗಲು ಹಿಡಿದು ಪಕ್ಕಕ್ಕೆ ತಳ್ಳಿದಳು. ಕಣ್ಣಿಟ್ಟಳು.

“ನನಗೀಗ ಲೋಕಾನ ಒಂದು ಕೊಳವಿ. ಇದೇನ್ ಹೊಸಾದಲ್ಲ,” ಎಂದು ಗೊಣಗಿದಳು.

ಹೊಳೆಯ ನೀರಿನ ಸದ್ದು ಕೇಳುತ್ತಿತ್ತು.

“ಇವನ?” ಎಂದಳು. “ಇಷ್ಟಽ ಇಷ್ಟು? ಜೋಳದ ಕಾಳಿನಷ್ಟು ಇಲ್ಲಲ್ಲೋ!”

ಕಣ್ಣನ್ನು ಇನ್ನೂ ಹತ್ತಿರ ಒತ್ತಿದಳು. ಆಮೇಲೆ ಅವಳ ದನಿ ಏರಿತು.

“ಅಕ್ಕಾರ! ಇವ ಬಳಿ ತೊಟ್ಟಾನ! ನನ್ನ ಕೈಯಾಗಿನ ಬಳಿ ಒಡಿಸಿ, ತಾ ಮೈತುಂಬ ಬಂಗಾರದ ಬಳಿ ಹಾಕ್ಕೊಂಡು ಕುಂತಾನ! ನಾಚಿಕಿ ಬರಲಿಲ್ಲೇನೋ ನಿನಗ? ಎಣ್ಣಿ ಬೇಕಾ, ಎಣ್ಣಿ? ಇನ್ ಒಂದು ಹನಿ ಕೊಡಂಗಿಲ್ಲ. ಹೋಗು. ಹೋಗ್ ಅತ್ತಾಗ!”

ಅವನು ಹೋಗುವವರೆಗೂ ಬೈದಳು. ಗುಡ್ಡದ ಅಂಚು ಮೊದಲು ಬಳೆಯನ್ನು, ಆಮೇಲೆ ಕಾಳನ್ನು ನುಂಗಿತು. ಕಲ್ಲವ್ವ ಕಣ್ಣು ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

“ದಾಸೋಹಕ್ಕ ಹೊತ್ತಾತು,” ಎಂದು ಅಡುಗೆಮನೆಯ ಕಡೆ ನಡೆದಳು. ಸ್ವಲ್ಪ ದೂರ ಹೋಗಿ ತಿರುಗಿದಳು. “ಖರೇ ಹೊತ್ತು ಎಷ್ಟಾತು, ಅದನ್ನರ ಹೇಳ್ರಿ!”

ದಂಡೆಯಲ್ಲಿ ಇಬ್ಬರೇ ಉಳಿದರು.

ಶಾಂತವೀರ ದಿನಚರಿಯನ್ನು ಅಕ್ಕನವರ ಮುಂದೆ ಹಿಡಿದ. ಕಲ್ಲವ್ವನ ಕಣ್ಣಿನ ದೋಷದಿಂದ ಕಾಣಲಿಲ್ಲ ಎಂಬ ಸಾಲಿನ ಮೇಲೆ ಅವನ ಪೆನ್ನು ನಿಂತಿತ್ತು.

“ಅಕ್ಕನವರೇ, ಅಳಿಸಬಾರದೆಂಬ ನಿಯಮವಿದೆ. ಆದರೆ ಇದು ಸುಳ್ಳು. ಹೊಡೆದು ಹಾಕಲೇ?”

ಅಕ್ಕನವರು ಆ ಸಾಲನ್ನು ಮತ್ತೊಮ್ಮೆ ಓದಿದರು.

“ಬೇಡ. ದೋಷ ಕಣ್ಣಿನದೇ. ಹೆಸರು ಮಾತ್ರ ತಪ್ಪಾಗಿದೆ. ಕೆಳಗೆ ಎರಡು ಹೆಸರು ಬರೆ. ನನ್ನದು ಮೊದಲು.”